ನಾಲ್ಕನೆಯ ಜಹಾಜಿನ ವಕೀಲ

ಮನುಷ್ಯನಾಗಿ ಹುಟ್ಟಿದ ಮೇಲೆ ಯಾವುದಾದರೂ ಒಂದಕ್ಕೆ ಸಂಬಳವಿಲ್ಲದ ವಕೀಲನಾಗದೆ ಗತಿಯಿಲ್ಲ. ಕೆಲವರು ತಮ್ಮೂರಿನ ನೀರಿಗೆ ವಕೀಲರು. ಆ ನೀರು ಕುಡಿದರೆ ಕಲ್ಲೂ ಕರಗುತ್ತದೆ ಎಂದು ಜೀವಮಾನವಿಡೀ ವಾದಿಸಿ, ಕೊನೆಗೆ ಹೈದರಾಬಾದಿಗೆ ಹೋಗಿ ಕಿಡ್ನಿಯ ಕಲ್ಲು ತೆಗೆಸಿಕೊಂಡು ಬರುತ್ತಾರೆ. ಬಂದ ಮೇಲೂ ವಾದ ಬಿಡುವುದಿಲ್ಲ. ಕೆಲವರು ತಮ್ಮ ಹಳೆಯ ಸ್ಕೂಟರಿಗೆ ವಕೀಲರು. ಅದನ್ನು ತಳ್ಳಿಕೊಂಡು ಹೋಗುತ್ತಲೇ, ಏದುಸಿರಿನ ನಡುವೆ, ಅದರ ಮೈಲೇಜನ್ನು ಹೊಗಳುತ್ತಾರೆ. ನಾನು ಜಹೀರಾಬಾದಿನ ಪಶು ಆಸ್ಪತ್ರೆಯಲ್ಲಿ ಎಮ್ಮೆಗಳಿಗೆ ಸೂಜಿ ಹಾಕುವ ಸಾಮಾನ್ಯ ನೌಕರ. ನನ್ನ ಪಾಲಿಗೆ ಬಂದ ಕಕ್ಷಿದಾರ ಮಾತ್ರ ಬಹಳ ದೂರದವನು. ಅದು ಆಕಾಶದಲ್ಲಿ ಹಾರುವ ಒಂದು ಜಹಾಜು.

ಗಾಬರಿಯಾಗಬೇಡಿ, ನನ್ನ ತಲೆ ನೆಟ್ಟಗೇ ಇದೆ. ಇದು ಟಿವಿ ಧಾರಾವಾಹಿಯಲ್ಲಿ ಬರುವ ಜಹಾಜು. ಅದರ ಇಂಗ್ಲಿಷ್ ಹೆಸರು ತುಂಬ ಉದ್ದ, ನಮ್ಮ ಮನೆಯಲ್ಲಿ ಯಾರೂ ಅದನ್ನು ಪೂರ್ತಿ ಉಚ್ಚರಿಸುವ ಸಾಹಸ ಮಾಡಿಲ್ಲ. ಎಲ್ಲರಿಗೂ ಅದು ಬರೀ ‘ಜಹಾಜ್’. ನಾನು ಇಂಟರ್ ಓದುತ್ತಿದ್ದಾಗ ಭಾನುವಾರಗಳಂದು ಹಿಂದಿಯಲ್ಲಿ ಬರುತ್ತಿತ್ತು. ಆಮೇಲೆ ಕೇಬಲ್ಲಿನಲ್ಲಿ ತೆಲುಗಿನಲ್ಲಿ ಬಂತು. ಈಗ ಮೊಬೈಲಿನಲ್ಲಿ ಯಾವ ಹೊತ್ತಿಗೆ ಬೇಕಾದರೂ, ಯಾವ ಭಾಷೆಯಲ್ಲಿ ಬೇಕಾದರೂ ಬರುತ್ತದೆ. ಕಥೆ ಸರಳ. ಒಂದು ಜಹಾಜು ಗ್ರಹದಿಂದ ಗ್ರಹಕ್ಕೆ ಹೋಗಿ ಬಿತ್ತನೆಯ ಬೀಜ ಹಂಚುತ್ತದೆ. ಬರಡು ಗ್ರಹಗಳೆಲ್ಲ ಹಸಿರಾಗಬೇಕು ಎಂಬುದು ಅದರವರ ಹಂಬಲ. ಬೀಜ ಕದಿಯುವ ಕಳ್ಳರು, ಬೀಜವೇ ಬೇಡ ಎನ್ನುವ ಮೊಂಡರು, ಬೀಜ ತೆಗೆದುಕೊಂಡು ಜಹಾಜಿಗೇ ಬೆಂಕಿ ಹಚ್ಚುವ ಕೃತಘ್ನರು ದಾರಿಯುದ್ದಕ್ಕೂ ಸಿಗುತ್ತಾರೆ. ಕೆಲವು ವರ್ಷ ಒಂದು ಜಹಾಜಿನ ಕಥೆ ನಡೆಯುತ್ತದೆ, ಮುಗಿದ ಮೇಲೆ ಹೊಸ ಜಹಾಜು, ಹೊಸ ಕಪ್ತಾನ, ಹೊಸ ಮಂದಿ. ಹೀಗೆ ನನ್ನ ಮೀಸೆ ಚಿಗುರಿದಾಗ ಹೊರಟದ್ದು, ಅದೇ ಮೀಸೆ ಬೆಳ್ಳಗಾದರೂ ಇನ್ನೂ ಹೋಗುತ್ತಲೇ ಇದೆ.

ಇಷ್ಟು ದಿನ ಬದುಕಿದ ಯಾವುದಕ್ಕೇ ಆದರೂ ವೈರಿಗಳು ಹುಟ್ಟಿಕೊಳ್ಳುತ್ತಾರೆ. ಜಹಾಜಿನ ಮೊದಲ ವೈರಿ ನನ್ನ ಹೆಂಡತಿ ಕಮಲ. “ಅಷ್ಟು ದೊಡ್ಡ ಜಹಾಜದಾಗ ಯಾರರೆ ಕಸ ಹೊಡದದ್ದು ನೋಡೀರೇನು? ಯಾರರೆ ಭಾಂಡೆ ತಿಕ್ಯಾರೇನು? ಎಲ್ಲರೂ ಸೊಂಟದ ಮ್ಯಾಲ ಕೈ ಇಟಗೊಂಡು ಕಿಡಕ್ಯಾಗ ನೋಡೂದಽ ಆತು” ಎಂಬುದು ಅವಳ ಆಕ್ಷೇಪ. ಇದಕ್ಕೆ ಉತ್ತರ ಹೊಳೆದರೂ ಹೇಳುವಂತಿಲ್ಲ, ಏಕೆಂದರೆ ಆ ಹೊತ್ತಿಗೆ ನಾನೂ ಸೊಂಟದ ಮೇಲೆ ಕೈ ಇಟ್ಟುಕೊಂಡು ಟಿವಿಯನ್ನೇ ನೋಡುತ್ತಿರುತ್ತೇನೆ.

ಎರಡನೆಯವರು ನಮ್ಮ ಆಸ್ಪತ್ರೆಯ ಡಾಕ್ಟರ್ ಸಾಹೇಬರು. ಓದಿದವರು, ವಿಜ್ಞಾನದ ಕಡೆಯಿಂದ ದಾಳಿ ಮಾಡುತ್ತಾರೆ. ಗಾಳಿಯೇ ಇಲ್ಲದ ಕಡೆ ಶಬ್ದ ಹೇಗೆ ಕೇಳಿಸುತ್ತದೆ, ಜಹಾಜು ಸಿಡಿದರೆ ಢಂ ಅಂತ ಹೇಗೆ ಅನ್ನುತ್ತದೆ ಎಂದು ಕೇಳಿದರು. “ಸಾಹೇಬ್ರ, ನಿಮ್ಮ ತಮ್ಮಂದಿರ ಮದುವಿ ವಿಡಿಯೋದಾಗ ಸನಾದಿ ಕೇಳಸ್ತದ. ಮದುವ್ಯಾಗ ಸನಾದಿಯವರು ಬಂದೇ ಇದ್ದಿಲ್ಲ” ಅಂದೆ. ಸಾಹೇಬರು ಮುಂದಿನ ಬಾಣ ಬಿಟ್ಟರು. ಯಾವ ಗ್ರಹಕ್ಕೆ ಇಳಿದರೂ ಅಲ್ಲಿನವರ ಮಾತು ಇವರಿಗೆ, ಇವರ ಮಾತು ಅವರಿಗೆ ತಿಳಿಯುತ್ತದಲ್ಲ, ಇದು ಎಲ್ಲಾದರೂ ಸಾಧ್ಯವೇ ಎಂದರು. ಈ ಪ್ರಶ್ನೆಯನ್ನು ಕೇಳುವವರು ದಯವಿಟ್ಟು ಒಂದು ಸಲ ತಮ್ಮ ಕೋಣೆ ಬಿಟ್ಟು ನಮ್ಮ ಆಸ್ಪತ್ರೆಯ ಅಂಗಳಕ್ಕೆ ಬರಬೇಕು. ಒಂದು ಎಮ್ಮೆಗೆ ಸೂಜಿ ಹಾಕುವಷ್ಟರಲ್ಲಿ ನಾನು ಮೂರು ಭಾಷೆ ಆಡಿರುತ್ತೇನೆ. ಮಾಲೀಕನಿಗೆ ತೆಲುಗು, ಹಗ್ಗ ಹಿಡಿದವನಿಗೆ ಉರ್ದು, ಎಮ್ಮೆಗೆ ಕನ್ನಡ. ಎಮ್ಮೆ ಮೂರನ್ನೂ ತಿಳಿದುಕೊಂಡು ಯಾವುದಕ್ಕೂ ಒಪ್ಪುವುದಿಲ್ಲ. ಸಂತೆಗೆ ಹೋದರೆ ಮೆಣಸಿನಕಾಯಿ ಮಾರುವವನ ಮರಾಠಿಯೂ ಸೇರಿಕೊಳ್ಳುತ್ತದೆ. ನ್ಯಾಲ್ಕಲ್‌ಗೆ ಹೋಗುವ ಜೀಪಿನಲ್ಲಿ ಹಿಂದೆ ಕೂತವರು ಒಂದು ಭಾಷೆಯಲ್ಲಿ ಜಗಳ ಶುರು ಮಾಡಿ ಇಳಿಯುವ ಹೊತ್ತಿಗೆ ಇನ್ನೊಂದರಲ್ಲಿ ರಾಜಿಯಾಗಿರುತ್ತಾರೆ. ಇಲ್ಲಿ ಬೆಳೆದವನಿಗೆ ಜಹಾಜಿನಲ್ಲಿ ನಂಬಲಾರದ್ದು ಏನಾದರೂ ಇದ್ದರೆ ಅದು ಇಷ್ಟೇ: ಅಷ್ಟೊಂದು ಮಂದಿ ಹತ್ತಿದ್ದಾರೆ, ಆದರೂ ಎಲ್ಲರಿಗೂ ಸೀಟು ಇದೆ.

ಮೂರನೆಯ ವೈರಿ ದೊಡ್ಡವರು. ಅವರು ನಮ್ಮ ಅಕ್ಕನ ಗಂಡ, ತಾಂಡೂರಿನ ಭಾವನವರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಕಲ್ಲನ್ನು ಬೆರಳ ಗಂಟಿನಿಂದ ತಟ್ಟಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳಬಲ್ಲವರು. ಮನುಷ್ಯರನ್ನೂ ಹಾಗೇ ತಟ್ಟಿ ನೋಡುವ ಅಭ್ಯಾಸ. ಅವರದು ಒಂದೇ ಪ್ರಶ್ನೆ. “ಶಿವರಾಜಾ, ಇಷ್ಟು ವರ್ಷ ಆತು, ಆ ನಿನ್ನ ಜಹಾಜ್ ಒಂದು ಊರಿಗರೆ ಮುಟ್ಟೇದೇನು? ನಮ್ಮ ಕಲ್ಲಿನ ಲಾರಿ ಆಗಿದ್ರ ಇಷ್ಟೊತ್ತಿಗೆ ಮಾಲು ಇಳಿಸಿ ತಿರಗಿ ಬಂದು ಡ್ರೈವರ ಉಂಡು ಮಲಕೋತಿದ್ದ.” ಮುಟ್ಟುವುದು ಮುಖ್ಯವಲ್ಲ ಭಾವ, ಹೋಗುವುದು ಮುಖ್ಯ ಎಂದರೆ ಅವರು ನನ್ನನ್ನು ಬಿರುಕು ಬಿಟ್ಟ ಕಲ್ಲಿನಂತೆ ನೋಡುತ್ತಾರೆ.

ಇದೆಲ್ಲ ಸಣ್ಣ ಪುಟ್ಟ ವ್ಯಾಜ್ಯ. ನಿಜವಾದ ಮೊಕದ್ದಮೆ ನಾಲ್ಕನೆಯ ಜಹಾಜಿನದು. ಮೊದಲ ಮೂರನ್ನು ಬೈಯುವವರು ಜಹಾಜ್ ನೋಡದವರು. ನಾಲ್ಕನೆಯದನ್ನು ಬೈಯುವವರು ಜಹಾಜಿನ ಭಕ್ತರೇ. ಕಾರಣ ಇಷ್ಟೆ. ನಾಲ್ಕನೆಯ ಜಹಾಜು ಹಾರುವುದೇ ಇಲ್ಲ. ಮೊದಲನೆಯ ಕಂತಿನಲ್ಲೇ ಒಂದು ಕಲ್ಲುಭೂಮಿಯ ಗ್ರಹಕ್ಕೆ ಇಳಿದು ಕೆಟ್ಟು ನಿಲ್ಲುತ್ತದೆ. ಕಪ್ತಾನಳು ಒಬ್ಬ ವಯಸ್ಸಾದ ಹೆಂಗಸು. ಬೇಕಾದ ಬಿಡಿಭಾಗ ಬರುತ್ತದೆ, ಬರುತ್ತದೆ ಎಂದು ಕಾಯುತ್ತ ಆಕೆ ಮತ್ತು ಆಕೆಯ ಮಂದಿ ಅಲ್ಲೇ ಬಾವಿ ತೋಡುತ್ತಾರೆ, ಅಲ್ಲಿನವರ ಬದುವಿನ ಜಗಳ ಬಿಡಿಸುತ್ತಾರೆ, ಉಳಿದ ಬೀಜ ಬಿತ್ತುತ್ತಾರೆ. ಒಂದು ಕಂತಿನ ತುಂಬ ಆರು ಕಾಲಿನ ಎಮ್ಮೆಯಂಥ ಪ್ರಾಣಿಯೊಂದು ಈಯುತ್ತದೆ, ಬೇರೇನೂ ನಡೆಯುವುದಿಲ್ಲ. ಭಕ್ತರು ಕೆರಳಿದರು. ನಕ್ಷತ್ರ ತೋರಿಸುತ್ತೀರಿ ಅಂತ ಕೂತರೆ ಎಮ್ಮೆಯ ಬಾಣಂತನ ತೋರಿಸುತ್ತೀರಾ ಎಂದು ಮೊಬೈಲಿನಲ್ಲಿ ಇಂದಿಗೂ ಬೈದು ಬರೆಯುತ್ತಾರೆ. ನನಗೆ ಗೊತ್ತಿರುವ ಮಟ್ಟಿಗೆ ಇಡೀ ಜಗತ್ತಿನಲ್ಲಿ ನಾಲ್ಕನೆಯ ಜಹಾಜಿಗೆ ವಕೀಲ ನಾನೊಬ್ಬನೇ. ಆ ಆರು ಕಾಲಿನದಕ್ಕೆ ಕರು ಅಡ್ಡ ಸಿಕ್ಕಿಕೊಂಡಾಗ ಜಹಾಜಿನ ಡಾಕ್ಟರು ಕೈ ಹಾಕಿದ ರೀತಿಯನ್ನು ನೋಡಿ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅದನ್ನು ಬರೆದವನು ಒಮ್ಮೆಯಾದರೂ ಕೊಟ್ಟಿಗೆಯಲ್ಲಿ ಮಂಡಿಯೂರಿದವನೇ ಇರಬೇಕು, ನಾನು ಬರೆದು ಕೊಡುತ್ತೇನೆ.

ನಿಜ ಹೇಳಬೇಕೆಂದರೆ ಎಮ್ಮೆ ಒಂದು ನೆಪ. ನಾಲ್ಕನೆಯ ಜಹಾಜು ಬಂದ ವರ್ಷ ನನ್ನ ಮಗಳು ಅಶ್ವಿನಿಗೆ ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಶಾಲೆ ತಪ್ಪಿತ್ತು. ಮಲಗಿ ಮಲಗಿ ಬೇಸತ್ತ ಹುಡುಗಿಯನ್ನು ತೊಡೆಯ ಮೇಲೆ ಒರಗಿಸಿಕೊಂಡು ನಾನು ಅದನ್ನು ನೋಡಿದೆ. “ಅಪ್ಪಾ, ಇವ್ರ ಜಹಾಜ್ ಯಾವಾಗ ಎದ್ದು ಹಾರ್ತದ?” ಎಂದು ಕೇಳುತ್ತಿದ್ದಳು. “ಹಾರ್ತದ, ಅವಸರೇನದ, ಅಲ್ಲೀತನ ಇಲ್ಲೇ ಏನರೆ ಬಿತ್ತೋಣು” ಎನ್ನುತ್ತಿದ್ದೆ. ಇದು ಕಪ್ತಾನಳ ಮಾತು, ನಾನು ಕನ್ನಡಕ್ಕೆ ತಂದು ಹೇಳುತ್ತಿದ್ದೆ. ಹುಡುಗಿ ಎದ್ದು ಓಡಾಡಿದಳು. ಆ ಜಹಾಜಿನ ಋಣ ನನ್ನ ಮೇಲಿದೆ. ಅವಳು ಈಗ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಜಹಾಜಿನ ಮೊಕದ್ದಮೆಯಲ್ಲಿ ನನ್ನ ಏಕೈಕ ಜೂನಿಯರ್ ವಕೀಲಳೂ ಹೌದು.

ಆ ಜೂನಿಯರ್ ವಕೀಲಳಿಗೆ ಈಚೆಗೆ ನಾರಾಯಣಖೇಡದಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಮಹೇಶ, ಇನ್ವರ್ಟರ್ ಮತ್ತು ಬ್ಯಾಟರಿಯ ಅಂಗಡಿ, ತಂದೆ ಇಲ್ಲ, ತಾಯಿ ಇದ್ದಾರೆ. ಸಂಬಂಧ ತಂದವರು ತಾಂಡೂರಿನ ಭಾವನವರೇ. ಮಗಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, “ಅಪ್ಪಾ, ಹೊಲ, ಮನಿ, ಅಂಗಡಿ ನೀವು ಏನರೆ ಕೇಳ್ಕೋರಿ. ನನ್ನ ಕಡಿಂದ ಒಂದೇ ಮಾತು. ಜಹಾಜ್ ನೋಡ್ತಾನೇನು ಕೇಳ್ರಿ.”

“ನೋಡಂಗಿಲ್ಲ ಅಂದ್ರ?”

“ನೋಡದಿದ್ರ ನಡೀತದ, ನಾ ತೋರಸ್ತೀನಿ. ಖರೇ ಏನದ ಅದು ಗೊತ್ತಾಗ್ಲಿ.”

ಇಲ್ಲಿ ನಮ್ಮ ಕಡೆಯ ರಿವಾಜು ಒಂದನ್ನು ಹೇಳಬೇಕು. ಹೆಣ್ಣಿನ ತಂದೆ ಗಂಡಿಗೆ ಬಾಯಿಬಿಟ್ಟು ಏನನ್ನೂ ಕೇಳುವಂತಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರೂ, ಹುಡುಗನಿಗೆ ಖಾರ ನಡೆಯುತ್ತದೆಯೇ ಎಂಬಷ್ಟು ಸಣ್ಣ ಮಾತನ್ನೂ ನಡುವಿನ ಹಿರಿಯರಿಗೆ ಹೇಳಬೇಕು, ಅವರು ಅದನ್ನು ಹುಡುಗನಿಗೆ ದಾಟಿಸಬೇಕು, ಉತ್ತರ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಚಟಗಳ ವಿಷಯವಂತೂ ಎಲ್ಲರೆದುರು ಬರುವುದೇ ಇಲ್ಲ. ನಡುವಿನವರು ಹುಡುಗನನ್ನು ಗಾಳಿ ಕುಡಿಯುವ ನೆಪದಲ್ಲಿ ಅಂಗಳಕ್ಕೆ ಕರೆದುಕೊಂಡು ಹೋಗಿ ಕೇಳಿಕೊಂಡು ಬರುತ್ತಾರೆ. ನಡುವಿನವರು ಭಾವನವರು. ಅಂದರೆ ನನ್ನ ಜಹಾಜಿನ ಪ್ರಶ್ನೆಯನ್ನು ಜಹಾಜಿನ ಪರಮ ವೈರಿಯ ಕೈಯಲ್ಲಿ ಕೊಟ್ಟು ಕಳಿಸಬೇಕು. “ಮರ್ಯಾದಿ ಇರವರ ಮುಂದ ಇದೆಲ್ಲ ಕೇಳೂದೇನು? ಮನೆತನಕ್ಕ ಹುಚ್ಚು ಹಿಡದದ ಅನ್ಕೋತಾರ” ಎಂದು ಅವರು ಸಿಡಿಮಿಡಿಗೊಂಡರು. ಮಗಳ ಮಾತು, ದಯಮಾಡಿ ಕೇಳಿ ಎಂದು ಬೇಡಿಕೊಂಡೆ.

ಹುಡುಗ ಬಂದ ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಅವನು ಉಪ್ಪಿಟ್ಟನ್ನು ಹೊಗಳಲಿಲ್ಲ, ಆದರೆ ಪೂರ್ತಿ ತಿಂದ, ಇದು ನನಗೆ ಹಿಡಿಸಿತು. ಅಶ್ವಿನಿ ಚಹಾದ ತಟ್ಟೆ ತಂದಾಗ ಅಂಚು ಒಡೆಯದ ಕಪ್ಪನ್ನು ಅವನ ಕಡೆಗೆ ತಿರುಗಿಸಿದಳು. ಇಪ್ಪತ್ತೈದು ವರ್ಷ ಸಾಕಿದ ತಂದೆಗೆ ಅಷ್ಟು ಸಾಕು, ಹುಡುಗ ಮನಸ್ಸಿಗೆ ಬಂದಿದ್ದಾನೆ ಎಂದು ತಿಳಿದುಹೋಯಿತು. ಭಾವನವರು ಅವನ ಹೆಗಲ ಮೇಲೆ ಕೈಹಾಕಿ ಅಂಗಳಕ್ಕೆ ಕರೆದುಕೊಂಡು ಹೋದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ತಿರುಗಿ ಬಂದು ಕೂತು ಎಲ್ಲರಿಗೂ ಕೇಳುವಂತೆ ಸಾರಿದರು. “ಕೇಳ್ದೆ. ಆ ಜಹಾಜ್ ಗಿಹಾಜ್ ಏನೂ ನೋಡಂಗಿಲ್ಲಂತ. ಹುಡುಗ ಬಂಗಾರ ಅದಾನ.”

ಬೀಗರು ಹೋದ ಮೇಲೆ ಅಶ್ವಿನಿ ಕಪ್ಪುಗಳನ್ನು ಎತ್ತುತ್ತ ಬೇಡ ಅಂದಳು. ನಾನು ಬೆಚ್ಚಿಬಿದ್ದೆ. ನೋಡದಿದ್ದರೆ ನಡೆಯುತ್ತದೆ ಅಂದವಳು ನೀನೇ ಅಲ್ಲವೇ ಎಂದೆ.

“ನೋಡಂಗಿಲ್ಲ ಅಂದ್ರ ನಡೀತಿತ್ತಪ್ಪಾ. ಟೀಪಾಯಿ ಮ್ಯಾಲ ಅವ್ರ ಗಾಡಿ ಚಾವಿ ಇತ್ತು. ಚಾವಿಗೆ ನಾಲ್ಕನೇ ಜಹಾಜಿನ ಬಿಲ್ಲೆ ಇತ್ತು, ಆರು ಕಾಲಿಂದು. ನೋಡ್ತಾರ, ನೋಡಿ ಇಲ್ಲ ಅಂದ್ರು. ಹಿರೇರು ಕೇಳಿದ್ರು ಅಂತ ತಮಗ ಸೇರೂದಕ್ಕ ಇಲ್ಲ ಅನ್ನವ್ರು, ನಾಳಿ ಯಾರರೆ ಹಿರೇರು ಕೇಳಿದ್ರ ನನಗೂ ಇಲ್ಲ ಅಂತಾರ.”

ಇದಕ್ಕೆ ಏನು ಹೇಳುತ್ತೀರಿ? ಹುಡುಗಿಯ ಮಾತು ನ್ಯಾಯವಾಗಿತ್ತು, ಅವಳ ಮುಖ ಮಾತ್ರ ಬಾಡಿತ್ತು. ಕಮಲ ನನ್ನನ್ನೇ ನೋಡುತ್ತ, “ಕಸ ಹೊಡ್ಯಾಕ ಬರಲಿಲ್ಲ, ಭಾಂಡೆ ತಿಕ್ಕಾಕ ಬರಲಿಲ್ಲ, ಮಗಳ ಲಗ್ನ ಮುರ್ಯಾಕ ಮಾತ್ರ ಬಂತು ನೋಡ್ರಿ ನಿಮ್ಮ ಜಹಾಜ್” ಅಂದಳು. ಆ ರಾತ್ರಿಯಿಂದ ನನ್ನ ಅನ್ನ ನೀರು ರುಚಿಗೆಟ್ಟವು. ಜಹಾಜಿನ ಮೇಲೆ ಯಾರು ಏನೇ ಆರೋಪ ಹೊರಿಸಿದರೂ ನಗುತ್ತ ಎದುರಿಸಿದವನು ನಾನು. ಈ ಒಂದನ್ನು ಮಾತ್ರ ನಗುತ್ತ ಎದುರಿಸಲಾಗಲಿಲ್ಲ.

ಪುಣ್ಯಕ್ಕೆ ರಿವಾಜಿನಲ್ಲಿ ಇನ್ನೊಂದು ಬಾಗಿಲು ಉಳಿದಿತ್ತು. ಹುಡುಗ ಬಂದು ನೋಡಿ ಹೋದ ಮೇಲೆ ಹೆಣ್ಣಿನ ಕಡೆಯವರು ಹೋಗಿ ಅವರ ಮನೆ ನೋಡಿ ಬರಬೇಕು. ಬೇಡ ಅನ್ನುವುದಿದ್ದರೂ ಒಮ್ಮೆ ನೋಡಿಯೇ ಬೇಡ ಅನ್ನಬೇಕು. ಹೀಗಾಗಿ ಒಂದು ಭಾನುವಾರ ಮಧ್ಯಾಹ್ನ ನಾನು, ಕಮಲ, ಭಾವನವರು ನಾರಾಯಣಖೇಡದ ಬಸ್ ಹತ್ತಿದೆವು. ಹೊರಡುವಾಗ ಅಶ್ವಿನಿ ಇಷ್ಟೇ ಹೇಳಿದಳು. “ಅವ್ರ ಬಾಯಿಂದ ಖರೇ ಬರಬೇಕಪ್ಪಾ. ತಾಂಡೂರ ಮಾಮಾರ ಬಾಯಿಂದ ಬ್ಯಾಡ.” ದಾರಿಯುದ್ದಕ್ಕೂ ಭಾವನವರು ಕಿಟಕಿಯ ಪಕ್ಕ ಕೂತು ತೊಗರಿ ಹೊಲಗಳನ್ನು ತೋರಿಸುತ್ತ ಬಂದರು. ನಾನು ಬಾಯಲ್ಲಿ ಹೂಂ ಅನ್ನುತ್ತ ಮನಸ್ಸಿನಲ್ಲಿ ಪ್ರಶ್ನೆಯನ್ನು ಹೊಲಿಯುತ್ತ ಬಿಚ್ಚುತ್ತ ಇದ್ದೆ.

ಮನೆ ಅಚ್ಚುಕಟ್ಟಾಗಿತ್ತು. ನೆಲಕ್ಕೆ ತಾಂಡೂರಿನ ಫರಸಿ ಹಾಸಿದ್ದರಿಂದ ಭಾವನವರು ಕೂರುವ ಮೊದಲು ನಾಲ್ಕಾರು ಕಲ್ಲು ತಟ್ಟಿ ನೋಡಿ ಸಮಾಧಾನಪಟ್ಟುಕೊಂಡರು. ಹುಡುಗನ ತಾಯಿ “ಬರ್ರಿ ಅಣ್ಣಾರ, ಕುಂದರ್ರಿ” ಎಂದು ಅವಲಕ್ಕಿಯ ಚುಡುವಾ ತಂದಿಟ್ಟರು. ಮಾತು ಮಳೆಯಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಕರೆಂಟಿಗೆ ಬಂತು. ಎಲ್ಲವೂ ಭಾವನವರ ಮೂಲಕವೇ ಹೋಗಿ ಬರುತ್ತಿತ್ತು. ನಾನು ಒಮ್ಮೆ ಕಮಲಳನ್ನು ನೋಡಿದೆ, ಒಮ್ಮೆ ಮೂಲೆಯಲ್ಲಿದ್ದ ದೊಡ್ಡ ಟಿವಿಯನ್ನು ನೋಡಿದೆ, ನಮ್ಮ ಹಿರಿಯರು ಎಲ್ಲಿದ್ದರೂ ಕ್ಷಮಿಸಲಿ ಎಂದುಕೊಂಡು ರಿವಾಜು ಮುರಿದೆ.

“ತಮ್ಮಾ ಮಹೇಶ, ನೇರ ನಿನಗಽ ಕೇಳ್ತೀನಿ. ನೀ ಜಹಾಜ್ ನೋಡ್ತಿ. ಅವತ್ತು ನಮ್ಮ ಅಂಗಳದಾಗ ಇಲ್ಲ ಅಂತ ಯಾಕ ಅಂದಿ?”

ಭಾವನವರ ಕೈಯಲ್ಲಿದ್ದ ಚುಡುವಾ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಹುಡುಗ ಕೆಂಪಾದ. ತಾಯಿಯ ಕಡೆ ನೋಡಿದ, ಭಾವನವರ ಕಡೆ ನೋಡಿದ, ಕೊನೆಗೆ ನನ್ನ ಕಡೆ ತಿರುಗಿದ.

“ಕಾಕಾ, ಇವರು ಹೆಂಗ ಕೇಳಿದ್ರಂದ್ರ, ಸೇಂದಿ ಕುಡೀತಿಯೇನು, ಇಸ್ಪೀಟ್ ಆಡ್ತಿಯೇನು, ಗುಟ್ಕಾ ತಿಂತಿಯೇನು, ಆಕಾಶದಾಗಿನ ಜಹಾಜ್ ನೋಡ್ತಿಯೇನು ಅಂತ ಒಂದೇ ಉಸುರಿನ್ಯಾಗ ಕೇಳಿದ್ರು. ಹೌದು ಅಂದ್ರ ಯಾವುದಕ್ಕ ಹೌದು ಅಂತ ತಿಳ್ಕೋತಿದ್ರಿ? ಅದಕ್ಕ ಇಲ್ಲರಿ ಅಂದೆ. ಬಿಡಿಸಿ ಹೇಳ್ಬೇಕು ಅನ್ನೂದ್ರಾಗ ಇವರು ಒಳಗ ಹೋಗಿಬಿಟ್ರು. ಜಹಾಜ್ ಸಣ್ಣಾವ ಇದ್ದಾಗಿಂದ ನೋಡ್ತೀನಿ, ಎಲ್ಲಾ ನೋಡೀನಿ.”

ನನಗೆ ಆದ ಹಗುರವನ್ನು ಹೇಗೆ ಹೇಳಲಿ. ಕಮಲ ಸೆರಗನ್ನು ಬಾಯಿಗೆ ಒತ್ತಿ ನಗುತ್ತಿದ್ದಳು. ಭಾವನವರಿಗೆ ಮಾತ್ರ ತಮ್ಮದೇನೂ ತಪ್ಪು ಕಾಣಲಿಲ್ಲ. “ನಾ ಕೇಳಿದ್ದರಾಗ ಏನದ? ನಾಲ್ಕೂ ಹೊತ್ತು ಹಾಳ ಮಾಡೂವೇ ಅದಾವಲ್ಲ. ಒಂದೊಂದಕ್ಕ ಬ್ಯಾರೆ ಬ್ಯಾರೆ ಕೇಳ್ಕೋತ ನಿಂತ್ರ ಚಹಾ ಆರ್ತಿತ್ತು” ಎಂದು ಚುಡುವಾವನ್ನು ಬಾಯಿಗೆ ಹಾಕಿಕೊಂಡರು.

ಇಲ್ಲಿಗೆ ಎಲ್ಲ ಸುಖಾಂತವಾಗಿ, ನಾನು ಹೆಮ್ಮೆಯಿಂದ ಬಸ್ ಹತ್ತಬೇಕಿತ್ತು. ಆದರೆ ಹುಡುಗನ ತಾಯಿಗೆ ನಗುವಿನ ಭರದಲ್ಲಿ ಇನ್ನೊಂದು ಮಾತು ನೆನಪಾಯಿತು. “ಅಣ್ಣಾರ, ನಿಮಗ ಆ ನಾಲ್ಕನೇದು ಅಂದ್ರ ಜೀವ ಅಂತಲ್ಲ, ಈ ತಾಂಡೂರಿನವರು ಹೇಳಿ ನಗಾಡ್ಯಾರ. ನಮ್ಮವ ಅದೊಂದಕ್ಕ ಮಾತ್ರ ಬೈದಿದ್ದಽ ಬೈದಿದ್ದು. ಎಮ್ಮಿ ಈಯೂದು ನೋಡಾಕ ಜಹಾಜ್ ಯಾಕ ಬೇಕು, ನಮ್ಮ ಹಿತ್ತಲದಾಗ ಈಯಂಗಿಲ್ಲೇನು ಅಂತಿದ್ದ. ಆ ಚಾವಿ ಬಿಲ್ಲೆ ಸುದ್ದಾ ಅವ್ನ ದೋಸ್ತರು ಕಾಡಸ್ಲಾಕ ಕೊಟ್ಟಿದ್ದು.”

ಕೋಣೆ ತಣ್ಣಗಾಯಿತು. ನೆಲದ ಫರಸಿಗಿಂತ ತಣ್ಣಗಾಯಿತು. ಹುಡುಗ ತಲೆ ತಗ್ಗಿಸಿದ. ಭಾವನವರು ನನ್ನ ಮುಖವನ್ನೇ ನೋಡುತ್ತ ಕಾದರು, ಏಕೆಂದರೆ ನಾಲ್ಕನೆಯ ಜಹಾಜನ್ನು ಹಳಿದವರಿಗೆ ನಾನು ಎಂಥ ಭಾಷಣ ಮಾಡುತ್ತೇನೆಂದು ಅವರಿಗೆ ಅನುಭವದಿಂದ ಗೊತ್ತು. ಅವರ ಮೊಮ್ಮಗನ ನಾಮಕರಣದಲ್ಲಿ ಊಟಕ್ಕೆ ಕೂತವರು ಎದ್ದು ಹೋಗುವವರೆಗೂ ಮಾಡಿದ್ದೆ. ಕಮಲ ಕಣ್ಣಲ್ಲೇ ಕೈ ಮುಗಿದಳು. ನನಗೆ ಟೈಫಾಯ್ಡಿನ ಹುಡುಗಿ ಕಂಡಳು, ಅಂಚು ಒಡೆಯದ ಕಪ್ಪು ಕಂಡಿತು. ಬೀಗರ ಮನೆಯಲ್ಲಿ ಕೂತು ಬೀಗರ ಮಾತನ್ನು ಕೆಳಗೆ ಬೀಳಿಸುವುದು ನಮ್ಮಲ್ಲಿ ದೊಡ್ಡ ಅಪಚಾರ. ಅವರು ಹಗಲನ್ನು ರಾತ್ರಿ ಎಂದರೆ ದೀಪ ಹಚ್ಚಲೇ ಎಂದು ಕೇಳುವ ಜನ ನಾವು. ನಾನು ಗಂಟಲು ಸರಿಮಾಡಿಕೊಂಡೆ.

“ಅಕ್ಕಾರ, ಹುಡುಗ ಹೇಳೂದು ಖರೇನೇ ಅದ. ನಾಲ್ಕನೇದು ಜರಾ ಹಂಗಽ ಅದ. ಸಪ್ಪಗದ.”

ನಾನು ಇದನ್ನು ಹೇಳಿ ಮುಗಿಸುವುದಕ್ಕೂ ಹುಡುಗ ತಲೆ ಎತ್ತುವುದಕ್ಕೂ ಸರಿಹೋಯಿತು. “ಇಲ್ಲ ಕಾಕಾ, ಅವಾಗ ನನಗ ತಿಳೀಲಿಲ್ಲ. ಮೊನ್ನೆ ಮತ್ತ ಕುಂತು ನೋಡ್ದೆ, ಭಾಳ ಛಲೋ ಅದ.”

“ಏ, ಏನ್ ಛಲೋ ತಮ್ಮಾ, ಒಂದು ಯುದ್ಧ ಇಲ್ಲ ಅದ್ರಾಗ.”

“ಯುದ್ಧ ಇಲ್ಲಂತನೇ ಛಲೋ ಅದ ಕಾಕಾ.”

“ಜಹಾಜ್ ಹಾರೂದೇ ಇಲ್ಲಪ್ಪಾ.”

“ಹಾರೂದು ಏನ್ ದೊಡ್ಡದು ಕಾಕಾ, ನಿಂತು ಬಿತ್ತೂದು ದೊಡ್ಡದು.”

ಬಸ್ಸಿನ ಬಾಗಿಲಲ್ಲಿ ನೀವು ಮೊದಲು ಹತ್ತಿ, ನೀವು ಮೊದಲು ಹತ್ತಿ ಎಂದು ಇಬ್ಬರು ಮರ್ಯಾದಸ್ಥರು ಸೇರಿ ಹಿಂದಿನವರನ್ನೆಲ್ಲ ಬಿಸಿಲಲ್ಲಿ ನಿಲ್ಲಿಸುತ್ತಾರಲ್ಲ, ಹಾಗಾಯಿತು. ಅವನು ನನಗಾಗಿ ಅದನ್ನು ಹೊಗಳಿದಷ್ಟೂ ನಾನು ಅವನಿಗಾಗಿ ಅದನ್ನು ಹಳಿಯಲೇಬೇಕಾಯಿತು. ನಾನು ಹಳಿದಷ್ಟೂ ಅವನು ಹೊಗಳಲೇಬೇಕಾಯಿತು. ಆರು ಕಾಲಿನ ಎಮ್ಮೆಯನ್ನು ಕೂಡ, ದೇವರೇ, ನನ್ನ ಬಾಯಿಂದಲೇ, ಹೆರಿಗೆ ತೋರಿಸಿದ್ದು ಸರಿಯಿಲ್ಲ ಎಂದುಬಿಟ್ಟೆ. ಕೊನೆಗೆ ಹುಡುಗನ ತಾಯಿ ಇಬ್ಬರ ಕೈಗೂ ಚಹಾ ಕೊಟ್ಟು ಬಾಯಿ ಮುಚ್ಚಿಸಿದರು.

ಬಸ್ ನಿಲ್ದಾಣದಿಂದ ಅಶ್ವಿನಿಗೆ ಫೋನ್ ಮಾಡಿ ಸೇಂದಿ ಇಸ್ಪೀಟಿನ ಸಾಲಿನಲ್ಲಿ ಜಹಾಜು ಸಿಕ್ಕಿಕೊಂಡ ಕಥೆಯನ್ನು ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಆ ನಗು ಕೇಳಿಯೇ ನನಗೆ ಉತ್ತರ ತಿಳಿಯಿತು. “ಎಲ್ಲಾರ ಮುಂದ ತಾವಽ ಹೇಳಿದ್ರಲ್ಲಪ್ಪಾ, ಹಂಗಾದ್ರ ಆತು” ಅಂದಳು. ಮತ್ತೆ ಕೇಳಿದಳು, “ನಾಲ್ಕನೇದರ ಬಗ್ಗೆ ಮಾತು ಬಂತೇನು? ಅವ್ರು ಏನಂದ್ರು?”

“ಭಾಳ ಛಲೋ ಅದ ಅಂದ.”

“ಹೌದಾ? ಮತ್ತ ನೀವು ಏನಂದ್ರಿ?”

ಬಸ್ ಬಂತು ಎಂದು ಹೇಳಿ ಫೋನ್ ಇಟ್ಟೆ. ಬಸ್ ಬಂದಿರಲಿಲ್ಲ.

ಮದುವೆ ಆಯಿತು, ಅದೂ ಸುಸೂತ್ರವಾಗಿ. ಈಗ ಭಾನುವಾರಗಳಂದು ಮಗಳು ಅಳಿಯ ನಮ್ಮ ಮನೆಗೆ ಬರುತ್ತಾರೆ. ನಾರಾಯಣಖೇಡದಲ್ಲಿ ಮರ್ಯಾದೆಗಾಗಿ ಆಡಿದ ಮಾತನ್ನು ಅಳಿಯಂದಿರು ಬಿಡಲಿಲ್ಲ. ನಿಜವಾಗಿಯೂ ನಾಲ್ಕನೆಯ ಜಹಾಜನ್ನು ಅಶ್ವಿನಿಯ ಜೊತೆ ಕೂತು ಮೊದಲಿನಿಂದ ನೋಡಿದರು. ನೋಡಿ ಮನಸಾರೆ ಮೆಚ್ಚಿದರು. ಈಗ ಅವರು ಅದರ ಪರವಾಗಿ ವಾದಿಸಲು ನಿಂತರೆ ಕೇಳಬೇಕು. ಕಲ್ಲುಭೂಮಿಯೂ ಒಂದು ದಿನ ಹಸಿರಾಗುತ್ತದೆ ಎನ್ನುವುದಕ್ಕಿಂತ ದೊಡ್ಡ ವಿಜ್ಞಾನ ಯಾವುದಿದೆ ಮಾವ ಎನ್ನುತ್ತಾರೆ. ಕೆಟ್ಟು ನಿಂತ ಮೇಲೂ ಬಿತ್ತುತ್ತಾರಲ್ಲ, ಅದೇ ಅಲ್ಲವೇ ಧೈರ್ಯ ಎನ್ನುತ್ತಾರೆ. ಎಲ್ಲ ನ್ಯಾಯವಾದ ಮಾತು. ಎಲ್ಲ ನನ್ನವೇ ಮಾತು. ಅಶ್ವಿನಿಯ ಬಾಯಿಂದ ದಾಟಿ ಅವರಿಗೆ ಹೋಗಿ, ಸ್ವಲ್ಪ ಪಾಲಿಶ್ ಆಗಿ ನನಗೇ ತಿರುಗಿ ಬರುತ್ತಿವೆ. ನಾನು ಹೌದು ಅನ್ನುವಂತಿಲ್ಲ. ಬೀಗರ ಮನೆಯಲ್ಲಿ ಸಪ್ಪಗಿದೆ ಎಂದು ಎಲ್ಲರೆದುರು ಹೇಳಿಬಂದವನು, ಈಗ ಮಾತು ತಿರುಗಿಸಿದರೆ ಅವತ್ತು ಸುಳ್ಳಾಡಿದೆ ಎಂದಾಗುತ್ತದೆ. ಖರೇ ಬೇಕು ಎಂದು ಸಂಬಂಧವನ್ನೇ ಬೇಡ ಎನ್ನಲು ಹೊರಟ ಮಗಳು ಎದುರಿಗೇ ಕೂತು ನನ್ನನ್ನು ನೋಡಿ ಮುಗುಳ್ನಗುತ್ತಿರುತ್ತಾಳೆ. ಅವಳಿಗೆ ಎಲ್ಲ ಗೊತ್ತಿದೆ ಎಂದು ನನ್ನ ಗುಮಾನಿ. ನಾನು ಏನೋ ಒಂದು ಬಡ ಆಕ್ಷೇಪ ಎತ್ತುತ್ತೇನೆ, ಅಳಿಯಂದಿರು ಅದನ್ನು ವಿನಯದಿಂದ ಕತ್ತರಿಸಿ ಹಾಕುತ್ತಾರೆ. ಭಾವನವರು ತಾಂಡೂರಿನಿಂದ ಬಂದಾಗಲೆಲ್ಲ, “ಶಿವರಾಜಗ ಕಡೀಕೂ ಬುದ್ಧಿ ಬಂತು” ಎಂದು ನನ್ನ ಬೆನ್ನು ತಟ್ಟುತ್ತಾರೆ.

ಕಳೆದ ಭಾನುವಾರ ಅಳಿಯಂದಿರು ಬಾವಿ ತೋಡುವ ಕಂತಿನ ಬಗ್ಗೆ ಮಾತಾಡುತ್ತಿದ್ದರು. ಕಮಲ ಕೈಯೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ಆಮೇಲೆ ನಮ್ಮ ಸಂಸಾರದಲ್ಲಿ ಮೊದಲ ಸಲ ಟಿವಿಯ ಎದುರು ಬಂದು, ನನ್ನ ಕುರ್ಚಿಯ ಮುಂದೆ ನಿಂತಳು. “ಇಷ್ಟು ವರ್ಷ ಮನ್ಯಾಗ ಅದಽ ನಡೀತಿತ್ತು, ಹಿಂಗದ ಅಂತ ಒಬ್ಬರರೆ ತಿಳಿಸಿ ಹೇಳಿಲ್ಲ ನೋಡ್ರಿ. ಹಚ್ರಿ ಅಳಿಯಂದಿರ, ನಾನೂ ನೋಡ್ತೀನಿ. ಏನ್ರಿ, ನಿಮಗಂತೂ ಸೇರಂಗಿಲ್ಲ. ಸರೀರಿ, ಹೋಗಿ ಎಲ್ಲಾರಿಗೂ ಚಹಾ ಇಡ್ರಿ” ಅಂದಳು.

ಎದ್ದೆ, ಇನ್ನೇನು ಮಾಡಲಿ. ಅಡುಗೆಮನೆಯ ಗೋಡೆಯಾಚೆ ನಾಲ್ಕನೆಯ ಜಹಾಜು ಕಲ್ಲುಭೂಮಿಗೆ ಇಳಿಯುವ ಸದ್ದು ಕೇಳಿಸಿತು. ಕಪ್ತಾನಳು ಮಾತಾಡಿದಳು, ಅವಸರವೇನಿದೆ ಎಂದಳು, ಅಲ್ಲಿಯವರೆಗೆ ಇಲ್ಲೇ ಏನಾದರೂ ಬಿತ್ತೋಣ ಎಂದಳು. ಕಮಲ “ಖರೇ ಅದ ಬಿಡು” ಅಂದದ್ದು ಕೇಳಿಸಿತು. ನಾನು ನಡೆಸಿದ ಮೊಕದ್ದಮೆ ಕೊನೆಗೂ ಗೆದ್ದಿತ್ತು. ವಕೀಲ ಮಾತ್ರ ಒಲೆಯ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ಹಾಲು ಉಕ್ಕದಂತೆ ನೋಡುತ್ತ ನಿಂತಿದ್ದ.